ನಾಗಪುರದ ಬಿಸಿಲು, ಮೈಕ್ರಾನಿನ ಲೆಕ್ಕ

ಕಂಪ್ಯೂಟರಿನ ಆಣತಿಯಂತೆ ಲೋಹ ಕಡಿಯುವ ಸಿಎನ್‌ಸಿ ಯಂತ್ರದ ಕೆಲಸ ಕಲಿಯಲು ಹೊರಟ ಹುಡುಗ ಹುಡುಗಿಯರ ಮುಂದೆ ಇವತ್ತು ಎರಡು ದಾರಿಗಳಿವೆ. ಒಂದು, ಎರಡು ಮೂರು ತಿಂಗಳಲ್ಲಿ ಬಟನ್‌ಗಳ ಪರಿಚಯ ಮಾಡಿಸಿ ಸರ್ಟಿಫಿಕೇಟ್ ಕೈಗಿಡುವ ಕೋರ್ಸು. ಇನ್ನೊಂದು, ಎರಡರಿಂದ ನಾಲ್ಕು ವರ್ಷ ಹಿಡಿಯುವ ಐಟಿಐ ಅಥವಾ ಟೂಲ್‌ರೂಮ್ ತರಬೇತಿ. ಅಲ್ಲಿ ಮೊದಮೊದಲು ವೈಸ್‌ಗೆ ಕಬ್ಬಿಣದ ತುಂಡು ಕಚ್ಚಿಸಿ ಅರ ಹಾಕುವುದು, ವರ್ನಿಯರ್ ಹಿಡಿದು ಅಳೆಯುವುದು, ಸಾದಾ ಲೇತ್ ಮೇಲೆ ಕೈ ಪಳಗಿಸುವುದು, ಇಷ್ಟೇ ಕೆಲಸ. ಎಲ್ಲವನ್ನೂ ಕಂಪ್ಯೂಟರೇ ಮಾಡುವಾಗ ಈ ಅರ ಹಾಕುವ ಶ್ರಮ ಯಾಕೆ ಎಂದು ಕೇಳುವವರು ಬಹಳ ಮಂದಿ. ಕಂಪ್ಯೂಟರ್ ಬಂದ ಮೇಲಂತೂ ಈ ಶ್ರಮ ಮೊದಲಿಗಿಂತ ಹೆಚ್ಚು ಅಗತ್ಯವಾಗಿದೆ ಎಂಬುದು ನನ್ನ ವಾದ. ಅದಕ್ಕೆ ನಾಗಪುರವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಕಿತ್ತಳೆಗೆ ಹೆಸರಾದ ನಾಗಪುರ ಲೋಹದ ಕೆಲಸದ ಊರೂ ಹೌದು. ಹಿಂಗಣಾದಲ್ಲಿ ಟ್ರ್ಯಾಕ್ಟರ್ ಕಾರ್ಖಾನೆಯಿದೆ, ಅಂಬಾಝರಿಯಲ್ಲಿ ರಕ್ಷಣಾ ಇಲಾಖೆಯ ಕಾರ್ಖಾನೆಯಿದೆ, ಬುಟಿಬೋರಿಯಲ್ಲಿ ವಿಶಾಲವಾದ ಕೈಗಾರಿಕಾ ಪ್ರದೇಶವಿದೆ. ವಿಮಾನ ನಿಲ್ದಾಣದ ಮಗ್ಗುಲಿನ ಮಿಹಾನ್‌ನಲ್ಲಿ ಫ್ರಾನ್ಸಿನ ಡಸಾಲ್ಟ್ ಮತ್ತು ನಮ್ಮ ರಿಲಯನ್ಸ್ ಕಂಪನಿಗಳ ಜಂಟಿ ಘಟಕಕ್ಕೆ 2017ರಲ್ಲಿ ಅಡಿಗಲ್ಲು ಬಿತ್ತು. ಫಾಲ್ಕನ್ ವಿಮಾನದ ಭಾಗಗಳು ಅಲ್ಲಿ ತಯಾರಾಗುತ್ತವೆ. ವಿಮಾನದ ಕೆಲಸವೆಂದರೆ ಅಲ್ಯೂಮಿನಿಯಂ ಮಿಶ್ರಲೋಹದ ಕೆಲಸ. ಈಗ ಆ ಊರಿನ ಬೇಸಿಗೆಯನ್ನು ನೆನೆಸಿಕೊಳ್ಳಿ. ಮೇ ತಿಂಗಳಲ್ಲಿ ಅಲ್ಲಿ ತಾಪಮಾನ 45 ಡಿಗ್ರಿ ಮುಟ್ಟುವುದುಂಟು. ಡ್ರಾಯಿಂಗ್‌ನಲ್ಲಿ ಬರೆದ ಅಳತೆಯಾದರೋ, ಜಗತ್ತಿನ ಎಲ್ಲ ಕಡೆಯೂ, 20 ಡಿಗ್ರಿಗೆ ಲೆಕ್ಕ ಹಾಕಿದ್ದು. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ಹಾಗಾದರೆ 200 ಮಿಲಿಮೀಟರಿನ ಒಂದು ತುಂಡು 45 ಡಿಗ್ರಿಯಲ್ಲಿ 115 ಮೈಕ್ರಾನ್ ಬೆಳೆದಿರುತ್ತದೆ. ಅದನ್ನು ಅಳೆಯುವ ಉಕ್ಕಿನ ಸಾಧನವೂ ಹಿಗ್ಗುತ್ತದೆ, ಆದರೆ ಸುಮಾರು ಅರ್ಧದಷ್ಟು ಮಾತ್ರ. ಆ ಬಿಸಿಯಲ್ಲಿ ಅಳೆದು ಸರಿಯಾಗಿದೆ ಎಂದು ಎತ್ತಿಟ್ಟ ತುಂಡು ತಣ್ಣಗಾದ ಮೇಲೆ ಐವತ್ತಕ್ಕೂ ಹೆಚ್ಚು ಮೈಕ್ರಾನ್ ಗಿಡ್ಡವಾಗಿರುತ್ತದೆ. ಇಪ್ಪತ್ತು ಮೈಕ್ರಾನಿನ ಹೆಚ್ಚುಕಡಿಮೆಯನ್ನಷ್ಟೇ ಸಹಿಸುವ ಭಾಗವಾದರೆ ಅದು ಗುಜರಿಗೆ. ಕಾರ್ಖಾನೆಗೆ ಏಸಿ ಹಾಕಿಸಿದರೂ ಟೂಲ್‌ನಡಿಯಿಂದ ಆಗಷ್ಟೇ ಬಂದ ತುಂಡು ಬಿಸಿಯಾಗಿಯೇ ಇರುತ್ತದೆ. ಯಂತ್ರ ತನಗೆ ಕೊಟ್ಟ ಅಂಕಿಯನ್ನು ಚಾಚೂ ತಪ್ಪದೆ ಪಾಲಿಸಿದೆ; ತುಂಡು ತಣಿಯಲಿ, ಆಮೇಲೆ ಅಳೆಯೋಣ ಎನ್ನಬೇಕಾದವರು ಅದರ ಮುಂದೆ ನಿಂತ ಮನುಷ್ಯರು.

ಆ ನಿಂತವರ ಕೈಕೆಲಸವನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಲೇತ್‌ನಲ್ಲಿ ತಿರುಗುವ ತುಂಡಿನ ಹೊರಮೈಯನ್ನು ಕಡಿಯುವ ಅಲಗಿನ, ಅಂದರೆ ಇನ್ಸರ್ಟ್‌ನ, ಮೂತಿ ಸವೆಯುತ್ತಾ ಹೋದ ಹಾಗೆ ವ್ಯಾಸ ದಪ್ಪವಾಗುತ್ತಾ ಬರುತ್ತದೆ. ಆಪರೇಟರ್ ಮೈಕ್ರೋಮೀಟರ್ ಹಿಡಿದು ಅಳೆದು, 20 ಮೈಕ್ರಾನ್ ಹೆಚ್ಚಿದೆಯೆಂದು ಕಂಡು, ಟೂಲ್‌ನ ಅಳತೆ ತಿದ್ದುವ ಆಫ್‌ಸೆಟ್ ಪುಟದಲ್ಲಿ ಅಷ್ಟನ್ನು ಕಳೆಯಬೇಕು. ಕಳೆಯುವ ಕಡೆ ಕೂಡಿಸಿದರೆ ಮುಂದಿನ ತುಂಡು ಇನ್ನೂ ದಪ್ಪ. ಇದಕ್ಕಿಂತ ಅಪಾಯದ್ದು ದಶಾಂಶದ ಚುಕ್ಕಿ. ಕೆಲವು ಕಂಟ್ರೋಲರ್‌ಗಳಲ್ಲಿ ಎಕ್ಸ್ 50 ಎಂದು ಬರೆದು ಚುಕ್ಕಿ ಬಿಟ್ಟರೆ ಯಂತ್ರ ಅದನ್ನು 50 ಮಿಲಿಮೀಟರ್ ಎಂದು ಓದುವುದಿಲ್ಲ, 50 ಮೈಕ್ರಾನ್ ಎಂದು ಓದುತ್ತದೆ. ದೂರ ಸರಿಯಬೇಕಿದ್ದ ಟೂಲ್ ಪೂರ್ಣ ವೇಗದಲ್ಲಿ ತಿರುಗುವ ಉಕ್ಕಿನ ನಡುಮಧ್ಯಕ್ಕೇ ನುಗ್ಗುತ್ತದೆ. ಸಾದಾ ಲೇತ್‌ನ ಹಿಡಿಕೆ ತಿರುಗಿಸಿ ಕಲಿತವರಿಗೆ ಟೂಲ್ ಎಲ್ಲಿರಬೇಕೆಂಬ ಅಂದಾಜು ಕಣ್ಣಲ್ಲೇ ಇರುತ್ತದೆ. ಅದು ತಪ್ಪಿದ ಕ್ಷಣ ಕೈ ತಾನಾಗಿ ಯಂತ್ರ ನಿಲ್ಲಿಸುವ ಕೆಂಪು ಬಟನ್‌ಗೆ ಹೋಗುತ್ತದೆ. ಪರದೆಯ ಮೇಲೆ ಮಾತ್ರ ಕಲಿತವರಿಗೆ ಆ ಅಂದಾಜು ಬರುವುದು ಕಷ್ಟ. ಸಿಮ್ಯುಲೇಟರಿನಲ್ಲಿ ಲೋಹ ಕಿರುಗುಟ್ಟುವುದಿಲ್ಲ, ಸುರುಳಿಯಾಗಿ ಬರುವ ಚೂರು ನೀಲಿಗಟ್ಟಿ ಟೂಲ್ ಸುಡುತ್ತಿದೆಯೆಂದು ಎಚ್ಚರಿಸುವುದೂ ಇಲ್ಲ.

ಪ್ರೋಗ್ರಾಮ್ ಬರೆಯುವುದನ್ನೂ ಈಗ ಸಾಫ್ಟ್‌ವೇರೇ ಮಾಡುತ್ತದಲ್ಲ ಎಂಬ ಆಕ್ಷೇಪವಿದೆ. ಮಾಡುತ್ತದೆ, ನಿಜ. ಆದರೆ ತೆಳ್ಳಗಿನ ಅಲ್ಯೂಮಿನಿಯಂ ಗೋಡೆಯನ್ನು ಬಾಗದಂತೆ ಎಲ್ಲಿ ಹಿಡಿಯಬೇಕು, ಯಾವ ಮುಖವನ್ನು ಮೊದಲು ಕಡಿಯಬೇಕು ಎಂಬುದನ್ನು ತೀರ್ಮಾನಿಸಿ ಅದಕ್ಕೆ ಒಪ್ಪಿಸಬೇಕಾದವರು ಲೋಹ ಬಲ್ಲವರೇ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಮನೆಯಲ್ಲಿ ಒಲೆ ಉರಿಯಬೇಕು, ನಾಲ್ಕು ವರ್ಷ ಕಾಯುವವರು ಯಾರು? ಈ ಮಾತನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಚಿಕ್ಕ ಕೋರ್ಸು ಮಾಡಿ ಆಪರೇಟರ್ ಕೆಲಸಕ್ಕೆ ಸೇರುವುದು ತಪ್ಪೂ ಅಲ್ಲ. ತೊಂದರೆಯಿರುವುದು ಅಲ್ಲಿಗೇ ನಿಂತುಬಿಡುವುದರಲ್ಲಿ: ತುಂಡು ಹಾಕು, ಬಟನ್ ಒತ್ತು, ತುಂಡು ತೆಗೆ ಎನ್ನುವಷ್ಟೇ ಕೆಲಸವನ್ನು ರೋಬೋ ತೋಳೂ ಮಾಡುತ್ತದೆ, ಮೊದಲು ಹೋಗುವುದೂ ಆ ಕೆಲಸವೇ. ಕಲಿಯುತ್ತಲೇ ಸ್ವಲ್ಪ ಗಳಿಸಲು 1961ರ ಅಪ್ರೆಂಟಿಸ್ ಕಾಯಿದೆಯಲ್ಲಿ ದಾರಿಯಿದೆ. ಅಪ್ರೆಂಟಿಸ್‌ಗೆ ಸ್ಟೈಪೆಂಡ್ ಕೊಡಲೇಬೇಕು. ನಮ್ಮ ಕರ್ನಾಟಕದಲ್ಲಿ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಆರಂಭವಾದ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರ, ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಮೂರು ವರ್ಷ ಕೇಂದ್ರದಲ್ಲೇ ಕಲಿಸಿ, ನಾಲ್ಕನೆಯ ವರ್ಷ ಕಾರ್ಖಾನೆಗೇ ಕಳಿಸುತ್ತದೆ.

ನಾಗಪುರದಲ್ಲಿ ಕನ್ನಡಿಗರು ಹೆಮ್ಮೆಪಡುವ ಹೆಸರೊಂದಿದೆ. 1960ರಲ್ಲಿ ಪಾಠ ಶುರುಮಾಡಿದ ಅಲ್ಲಿನ ಇಂಜಿನಿಯರಿಂಗ್ ಕಾಲೇಜಿಗೆ, ಅಂದರೆ ಇಂದಿನ ವಿಎನ್‌ಐಟಿಗೆ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿಟ್ಟಿದ್ದಾರೆ. ಅವರೇ 1943ರಲ್ಲಿ ಬೆಂಗಳೂರಿನಲ್ಲಿ ಕುಶಲ ಕೆಲಸಗಾರರನ್ನು ತಯಾರಿಸಲೆಂದು ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಕಟ್ಟಿಸಿದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಇಂಜಿನಿಯರಿಂಗ್ ಪದವಿಗೇ ಮರ್ಯಾದೆ, ಐಟಿಐ ಎಂದರೆ ಕೈಲಾಗದವರ ಪಾಲು ಎಂಬ ನಮ್ಮ ಮನೆಗಳ ಎಣಿಕೆ ಮಕ್ಕಳಿಗೆ ಮಾಡುತ್ತಿರುವ ಅನ್ಯಾಯ ದೊಡ್ಡದು. ಟರ್ನರ್ ಅಥವಾ ಮೆಷಿನಿಸ್ಟ್ ವೃತ್ತಿಯಲ್ಲಿ ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು, ಅಲ್ಲಿಂದ ಇಂಜಿನಿಯರಿಂಗ್‌ಗೂ ಹೋಗಬಹುದು. ಮಗಳನ್ನೋ ಮಗನನ್ನೋ ಸೇರಿಸುವ ಮೊದಲು ತರಬೇತಿ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ. ಒಂದು ಯಂತ್ರಕ್ಕೆ ಎಷ್ಟು ಮಂದಿ ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ ವಾರದಲ್ಲಿ ಎಷ್ಟು ಗಂಟೆ ಲೋಹ ಕಡಿಯಲು ಸಿಗುತ್ತದೆ, ಅಳತೆಯ ಕೋಣೆ ಇದೆಯೇ, ಅಲ್ಲಿಗೆ ವಿದ್ಯಾರ್ಥಿಗಳನ್ನು ಬಿಡುತ್ತಾರೆಯೇ ಎಂದು ಅಲ್ಲಿನ ಮಾಸ್ತರರನ್ನೇ ಕೇಳಿ.