ಮನೆ ಬಿಟ್ಟು ಓಡದೆ ಹಾಡು ಕಲಿಯಲಿ ನಮ್ಮ ಮಕ್ಕಳು

(ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ತುಟ್ಟಿಭತ್ಯೆ, ಸಂತೆ ಸುಂಕ, ಅಂಗಡಿ ಬಾಡಿಗೆ: ಈ ವೇದಿಕೆಯ ಮೇಲೆ ನಾವು ಯಾವಾಗಲೂ ಆಡುವ ಮಾತುಗಳು ಇವು. ಇಂದು ಮಕ್ಕಳ ಹಾಡು, ನಾಟಕದ ವಿಷಯವನ್ನು ಎತ್ತಿಕೊಂಡಿದ್ದೇವೆ. ‘ಇದೇನಪ್ಪಾ, ಇವರಿಗೆ ಬೇರೆ ಕೆಲಸವಿಲ್ಲವೆ?’ ಎಂದು ಹಿಂದಿನ ಸಾಲಿನಲ್ಲಿ ಯಾರಾದರೂ ಅಂದುಕೊಂಡಿದ್ದರೆ ಅವರ ಮೇಲೆ ನಮಗೆ ಸಿಟ್ಟಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂವೆ ಎಂಬ ಗಾದೆ ನಮಗೂ ಗೊತ್ತು. ಆದರೆ ಆ ಗಾದೆಯನ್ನು ಬಡವನ ಮಗನಿಗೆ ಮಾತ್ರ ಏಕೆ ಹೇಳುತ್ತಾರೆ? ಉಳ್ಳವರ ಮನೆಗೆ ಸಂಗೀತದ ಮೇಷ್ಟ್ರು ಬಂದು ಹೋಗುವಾಗ ಆ ಗಾದೆ ಯಾರ ಬಾಯಿಂದಲೂ ಬರುವುದಿಲ್ಲ. ಅಲ್ಲಿ ಅದಕ್ಕೆ ಸಂಸ್ಕಾರವೆಂದು ಹೆಸರು. ಗಿರಣಿಯವನ ಮಗಳು ತಾನೂ ಹಾಡು ಕಲಿಯುತ್ತೇನೆ ಎಂದರೆ ಅದು ದುಂದು.

ನಾವು ಹೇಳಹೊರಟಿರುವುದು ಒಂದೇ ಮಾತು. ದುಡಿಯುವ ಜನರ ಮಕ್ಕಳು ಹಾಡು, ವಾದ್ಯ, ನಾಟಕಗಳನ್ನು ತಮ್ಮ ಕೇರಿಯಲ್ಲಿಯೇ, ಕಾಸು ಕೊಡದೆ, ಮನೆ ಬಿಟ್ಟು ಹೋಗದೆ ಕಲಿಯುವಂತಾಗಬೇಕು. ಅದರ ಖರ್ಚನ್ನು ಊರು ಹೊರಬೇಕು. ‘ಮನೆ ಬಿಟ್ಟು ಹೋಗದೆ’ ಎಂಬ ಮಾತಿಗೆ ನಾವು ಒತ್ತು ಕೊಡುತ್ತೇವೆ. ಏಕೆಂದರೆ ಈ ನಾಡಿನಲ್ಲಿ ಎಷ್ಟೋ ಮಕ್ಕಳು ಕಲೆ ಕಲಿತದ್ದು ಮನೆಯ ಹೊಸ್ತಿಲು ದಾಟಿದ ಮೇಲೆಯೇ.

ಬಿ. ವಿ. ಕಾರಂತರನ್ನು ನೆನೆಯಿರಿ. 1929ರಲ್ಲಿ ದಕ್ಷಿಣ ಕನ್ನಡದ ಮಂಚಿಯಲ್ಲಿ ಹುಟ್ಟಿದ ಹುಡುಗ. ನಾಟಕದ ಹುಚ್ಚು ಹಿಡಿದು ಮನೆಯಿಂದ ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ. ವೀರಣ್ಣನವರು ದೊಡ್ಡ ಮನಸ್ಸಿನವರು. ಮುಂದೆ ಅವನನ್ನು ಓದುವುದಕ್ಕೆ ಕಾಶಿಗೆ ಕಳಿಸಿದರು. ಆ ಹುಡುಗನೇ 1977ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಇನ್ನು ರಾಜಕುಮಾರ್. ಎಳೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು ತಂದೆಯ ಹಿಂದೆ ಅದೇ ಕಂಪನಿಗೆ ಹೋದವರು. ಇಬ್ಬರ ಹೆಸರನ್ನೂ ನಾವು ಅಭಿಮಾನದಿಂದ ಹೇಳುತ್ತೇವೆ. ಆದರೆ ಒಂದು ಪ್ರಶ್ನೆ. ಓಡಿಹೋದ ಹುಡುಗರಲ್ಲಿ ವೀರಣ್ಣನವರಂಥವರ ಕಣ್ಣಿಗೆ ಬೀಳದವರು ಏನಾದರು? ಓಡಿಹೋಗಲು ಧೈರ್ಯ ಸಾಲದೆ ಮನೆಯಲ್ಲಿಯೇ ಉಳಿದವರು ಏನಾದರು? ಹುಡುಗಿಯರಿಗಂತೂ ಓಡಿಹೋಗುವ ದಾರಿಯೂ ಇರಲಿಲ್ಲ. ಅವರ ಲೆಕ್ಕ ಯಾವ ಪುಸ್ತಕದಲ್ಲಿಯೂ ಇಲ್ಲ.

ಹಾಗಾದರೆ ಬಡ ಮಕ್ಕಳಿಗೆ ಉಚಿತವಾಗಿ ಕಲೆ ಕಲಿಸಿದವರು ನಮ್ಮಲ್ಲಿ ಇರಲೇ ಇಲ್ಲವೆ? ಇದ್ದರು. ದೂರ ಹೋಗಬೇಕಾಗಿಲ್ಲ, ಗದಗಕ್ಕೆ ಬನ್ನಿ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ ಸೀಮೆಯಲ್ಲಿ ಹುಟ್ಟಿದವರು. ಹುಟ್ಟುಗುರುಡರು, ಬಡವರು. ಹಾನಗಲ್ಲಿನ ಕುಮಾರಸ್ವಾಮಿಗಳು ಈ ಹುಡುಗನ ಕಂಠವನ್ನು ಗುರುತಿಸಿ ಆಶ್ರಯ ಕೊಟ್ಟು, ಕರ್ನಾಟಕ ಸಂಗೀತ, ಹಿಂದುಸ್ತಾನಿ ಸಂಗೀತ ಎರಡನ್ನೂ ಕಲಿಯುವಂತೆ ಮಾಡಿದರು. ತಾವು ಪಡೆದುದನ್ನು ಗವಾಯಿಗಳು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಕಣ್ಣಿಲ್ಲದ ಮಕ್ಕಳನ್ನೂ ದಿಕ್ಕಿಲ್ಲದ ಮಕ್ಕಳನ್ನೂ ಸೇರಿಸಿಕೊಂಡು ಊರೂರು ತಿರುಗುತ್ತಾ ಪಾಠ ಹೇಳಿದರು. ಕೊನೆಗೆ ಗದಗದಲ್ಲಿ ನೆಲೆ ನಿಂತ ಆ ಪಾಠಶಾಲೆಯೇ ವೀರೇಶ್ವರ ಪುಣ್ಯಾಶ್ರಮ. 1944ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಅವರೂ ಕಣ್ಣಿಲ್ಲದವರೇ, 2010ರಲ್ಲಿ ಕಣ್ಮರೆಯಾಗುವವರೆಗೆ ಅದನ್ನು ನಡೆಸಿದರು. ಜಾತಿ ಮತ ಕೇಳಲಿಲ್ಲ. ಊಟ, ವಸತಿ, ವಿದ್ಯೆ ಎಲ್ಲವೂ ಉಚಿತ.

ಇಲ್ಲಿ ನಾವು ವ್ಯಾಪಾರಸ್ಥರ ಹಾಗೆ ಒಂದು ಲೆಕ್ಕ ಕೇಳೋಣ. ಅಷ್ಟು ಮಕ್ಕಳ ಊಟಕ್ಕೆ ಜೋಳ, ಅಕ್ಕಿ ಎಲ್ಲಿಂದ ಬಂತು? ಭಕ್ತರ ಕಾಣಿಕೆಯಿಂದ ಬಂತು, ತುಲಾಭಾರದ ಹಣದಿಂದ ಬಂತು. ಮತ್ತೂ ಒಂದು ಕಡೆಯಿಂದ ಬಂತು. ಆಶ್ರಮದವರು ನಾಟಕ ಕಂಪನಿಯೊಂದನ್ನೇ ಕಟ್ಟಿದರು. ಪುಟ್ಟರಾಜರೇ ನಾಟಕ ಬರೆದರು. ಊರೂರುಗಳಲ್ಲಿ ಟಿಕೇಟು ಕೊಂಡು ನಾಟಕ ನೋಡಿದ ರೈತ, ಕೂಲಿ, ಕಿರಾಣಿ ಅಂಗಡಿಯವನ ಕಾಸು ಈ ಮಕ್ಕಳ ಅನ್ನವಾಯಿತು. ಉಚಿತವೆಂಬುದು ಆಕಾಶದಿಂದ ಉದುರುವುದಿಲ್ಲ. ಮಗು ಕೊಡದ ಕಾಸನ್ನು ಇನ್ನೊಬ್ಬರು ಕೊಟ್ಟಿರುತ್ತಾರೆ. ಇದನ್ನು ಮರೆತವರು ಉಚಿತ ಶಾಲೆಯನ್ನು ಒಂದು ಭಾಷಣದಲ್ಲಿ ತೆರೆದು, ಮರುವರ್ಷದ ಹೊತ್ತಿಗೆ ಬಾಗಿಲು ಮುಚ್ಚಿರುತ್ತಾರೆ.

ಫಲವೇನಾಯಿತೆಂದೂ ನೋಡಿ. ಬಸವರಾಜ ರಾಜಗುರುಗಳಂಥ ದೊಡ್ಡ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಜಾನಪದ ಗಾಯಕರೊಬ್ಬರ ಮಗ ವೆಂಕಟೇಶ ಕುಮಾರ್ ಬಾಲಕರಾಗಿ ಪುಣ್ಯಾಶ್ರಮ ಸೇರಿ, ಹತ್ತು ವರ್ಷಕ್ಕೂ ಮೀರಿ ಅಲ್ಲಿಯೇ ಕಲಿತು, 2016ರಲ್ಲಿ ಪದ್ಮಶ್ರೀ ಪಡೆದರು. ಹೆಸರು ಮಾಡದ ನೂರಾರು ಶಿಷ್ಯರು ಶಾಲೆಗಳಲ್ಲಿ ಸಂಗೀತದ ಮೇಷ್ಟ್ರಾಗಿ, ಭಜನೆಗೆ ಹಾರ್ಮೋನಿಯಂ ನುಡಿಸಿ, ಪುರಾಣಕ್ಕೆ ತಬಲಾ ಹಿಡಿದು ಗೌರವದಿಂದ ಬಾಳಿದ್ದಾರೆ. ಭಿಕ್ಷೆಯ ದಾರಿ ಹಿಡಿಯಬೇಕಾಗಿದ್ದವರ ಕೈಗೆ ಕಸುಬು ಬಂತು. ನಮ್ಮ ದೃಷ್ಟಿಯಲ್ಲಿ ಪದ್ಮಶ್ರೀಗಿಂತ ಅದು ಸಣ್ಣ ಗಳಿಕೆಯಲ್ಲ.

ಕಾಸಿನ ಮಾತಾಯಿತು. ಕಾಸಿಲ್ಲದೆಯೂ ಬಾಗಿಲು ಮುಚ್ಚಿರಬಹುದು. 1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಗಾಂಧೀಜಿಯವರೆದುರು ಸ್ವಾಗತಗೀತೆ ಹಾಡಿದವರಲ್ಲಿ ಹುಡುಗಿಯಾಗಿದ್ದ ಗಂಗೂಬಾಯಿ ಹಾನಗಲ್ ಇದ್ದರು. ಹಾಡುವ ಭಯಕ್ಕಿಂತ, ಊಟವಾದ ಮೇಲೆ ಎಂಜಲೆಲೆ ತೆಗೆಯಲು ತಮಗೆ ಹೇಳುವರೇನೋ ಎಂಬ ಅಳುಕೇ ಹೆಚ್ಚಾಗಿತ್ತೆಂದು ಅವರೇ ಮುಂದೆ ಹೇಳಿಕೊಂಡರು. ಗಾಂಧಿಯವರ ಮುಂದೆ ಹಾಡುವ ಕಂಠವಿದ್ದರೂ ಜಾತಿಯ ಅಂಜಿಕೆ ಆ ಮಗುವನ್ನು ಬಿಡಲಿಲ್ಲ. ಆದುದರಿಂದ ಫೀಜು ಇಲ್ಲವೆಂದು ಬೋರ್ಡು ಹಾಕಿದರೆ ಸಾಲದು. ಯಾವ ಕೇರಿಯ ಮಗು ಬಂದರೂ ಒಂದೇ ಜಮಖಾನೆಯ ಮೇಲೆ ಕೂಡಬೇಕು, ಒಂದೇ ಹೂಜಿಯ ನೀರು ಕುಡಿಯಬೇಕು. ಹುಡುಗಿಯರು ಕತ್ತಲಾಗುವ ಮೊದಲು ಮನೆ ಮುಟ್ಟುವಂತೆ ವೇಳೆ ಗೊತ್ತುಮಾಡಬೇಕು. ಇಲ್ಲದಿದ್ದರೆ ತಾಯಂದಿರು ಕಳಿಸುವುದಿಲ್ಲ, ಕಳಿಸದಿದ್ದರೆ ತಪ್ಪು ಅವರದಲ್ಲ.

ಭಕ್ತರ ಕಾಣಿಕೆಯಿಂದ ನಡೆಯುವ ಶಾಲೆ ಎಷ್ಟು ಮಕ್ಕಳನ್ನು ಮುಟ್ಟೀತು? ಸರ್ಕಾರವೇ ಖರ್ಚು ಹೊತ್ತರೆ ಏನಾಗುತ್ತದೆ? ಇದಕ್ಕೆ ಉತ್ತರ ದಕ್ಷಿಣ ಅಮೆರಿಕದ ವೆನಿಜುವೆಲಾ ದೇಶದಲ್ಲಿದೆ. 1975ರಲ್ಲಿ ಹೋಸೆ ಅಂತೋನಿಯೋ ಆಬ್ರೆಯು ಎಂಬ ಸಂಗೀತಗಾರರು ರಾಜಧಾನಿ ಕಾರಕಾಸಿನಲ್ಲಿ ಮೋಟಾರು ನಿಲ್ಲಿಸುವ ಒಂದು ಜಾಗದಲ್ಲಿ ಹನ್ನೊಂದು ಮಂದಿ ಎಳೆಯರನ್ನು ಕೂಡಿಸಿ ವಾದ್ಯವೃಂದ ಆರಂಭಿಸಿದರು. ಅವರು ಅರ್ಥಶಾಸ್ತ್ರವನ್ನೂ ಬಲ್ಲವರು, ಸರ್ಕಾರದ ಬೊಕ್ಕಸದ ಬಾಗಿಲು ಎಲ್ಲಿದೆಯೆಂದು ತಿಳಿದವರು. ಸರ್ಕಾರ ಹಣ ಕೊಟ್ಟಿತು. ಊರೂರಿನಲ್ಲಿ ಕೇಂದ್ರಗಳು ತೆರೆದವು. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿಗೆ ಬರುವುದು, ಪಾಠ ಉಚಿತ, ಪಿಟೀಲು ಮುಂತಾದ ವಾದ್ಯಗಳೂ ಉಚಿತ. ಒಬ್ಬೊಬ್ಬರನ್ನೇ ಕೂರಿಸಿ ಕಲಿಸದೆ ಮೊದಲ ದಿನದಿಂದಲೇ ಎಲ್ಲರನ್ನೂ ಮೇಳದಲ್ಲಿ ಕೂರಿಸಿದರು. ಲಕ್ಷಾಂತರ ಮಕ್ಕಳು ಕಲಿತರು. ಹಾಗೆ ಕಲಿತ ಗುಸ್ತಾವೊ ದುದಮೆಲ್ 2009ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ವಾದ್ಯವೃಂದದ ಸಂಗೀತ ನಿರ್ದೇಶಕರಾದರು. ಆ ಮಕ್ಕಳು ಮನೆಯಲ್ಲಿಯೇ ಉಂಡು, ಮನೆಯಲ್ಲಿಯೇ ಮಲಗಿ ಇಷ್ಟನ್ನೂ ಕಲಿತರೆಂಬುದನ್ನು ಮನಸ್ಸಿನಲ್ಲಿಡಿ.

ಆದರೆ ಅರ್ಧ ಸತ್ಯ ಹೇಳಿ ಚಪ್ಪಾಳೆ ಗಿಟ್ಟಿಸುವುದು ನಮ್ಮ ಪದ್ಧತಿಯಲ್ಲ. ಬೊಕ್ಕಸದ ಹಣದ ಜೊತೆಗೆ ಆಳುವವರ ಕೈಯೂ ಬಂತು. ಸರ್ಕಾರದ ಸಮಾರಂಭಗಳಿಗೆ ವಾದ್ಯವೃಂದ ಮೆರುಗಾಯಿತು. 2017ರಲ್ಲಿ ಅಲ್ಲಿ ಸರ್ಕಾರದ ವಿರುದ್ಧ ಚಳವಳಿ ನಡೆದಾಗ ಈ ಕೇಂದ್ರಗಳಲ್ಲಿ ಕಲಿತ ಯುವಕನೊಬ್ಬ ಬೀದಿಯಲ್ಲಿ ಪ್ರಾಣ ಕಳೆದುಕೊಂಡ. ದುದಮೆಲ್ ಸರ್ಕಾರವನ್ನು ಬಹಿರಂಗವಾಗಿ ಟೀಕಿಸಿದರು. ಕೆಲವು ತಿಂಗಳಲ್ಲಿಯೇ, ಅವರು ನಡೆಸಬೇಕಿದ್ದ ಯುವ ವಾದ್ಯವೃಂದದ ಅಮೆರಿಕ ಪ್ರವಾಸವನ್ನು ಸರ್ಕಾರ ರದ್ದುಮಾಡಿತು. ಪಾಠ ಸ್ಪಷ್ಟವಾಗಿದೆ. ಹಣ ಸಾರ್ವಜನಿಕರದಿರಬೇಕು, ನಿಜ. ಆದರೆ ಮಕ್ಕಳು ಯಾವ ಮಂತ್ರಿಯ ಮೆರವಣಿಗೆಗೂ ಮುಂದಾಳುಗಳಾಗಬಾರದು. ನಮ್ಮ ಪಕ್ಷದ ಮೆರವಣಿಗೆಗೂ ಆಗಬಾರದು, ಅದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಹಣ ಕೊಡುವವನೊಬ್ಬನೇ ಆದರೆ ಹಾಡು ಅವನದಾಗುತ್ತದೆ.

ಹಾಗಾದರೆ ಆಡಳಿತ ಯಾರ ಕೈಯಲ್ಲಿರಬೇಕು? ಊರವರ ಕೈಯಲ್ಲಿ. ಅದು ಸಾಧ್ಯವೆಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡು ಸಾಕ್ಷಿ. ಲೋಹಿಯಾರವರು ಬಂದು ಬಂಧನಕ್ಕೊಳಗಾದ 1951ರ ಕಾಗೋಡು ಸತ್ಯಾಗ್ರಹ ನಡೆದ ಸಾಗರ ತಾಲ್ಲೂಕಿನದೇ ಹಳ್ಳಿ ಅದು. ಅಲ್ಲಿಯ ಅಡಿಕೆ ಬೆಳೆಗಾರರು 1949ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿಕೊಂಡು ತಾವೇ ಬಣ್ಣ ಹಚ್ಚಿದರು. ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ಅದು ಬೆಳೆದು, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ, 1985ರಲ್ಲಿ ನಾಡು ಸುತ್ತುವ ‘ತಿರುಗಾಟ’ವನ್ನೂ ಆರಂಭಿಸಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಒಂದು ಹಳ್ಳಿಗೆ ಸಾಧ್ಯವಾದದ್ದು ನಗರಸಭೆಯುಳ್ಳ ಒಂದು ಊರಿಗೆ ಏಕೆ ಸಾಧ್ಯವಾಗಬಾರದು?

ಇನ್ನು ಕಾನೂನಿನ ಮಾತು. ‘ಇದು ನಮ್ಮ ಬಾಬತ್ತಲ್ಲ’ ಎಂದು ಅಧಿಕಾರಿಗಳು ಹೇಳಿದರೆ ನಂಬಬೇಡಿ. 1992ರ ಸಂವಿಧಾನದ 74ನೆಯ ತಿದ್ದುಪಡಿಯಿಂದ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಿಕೊಡಬಹುದಾದ 18 ವಿಷಯಗಳ ಪಟ್ಟಿಯಿದೆ. ಸಾಂಸ್ಕೃತಿಕ, ಶೈಕ್ಷಣಿಕ ಹಾಗೂ ಕಲಾತ್ಮಕ ವಿಷಯಗಳ ಪ್ರೋತ್ಸಾಹ ಅದರಲ್ಲಿ ಹದಿಮೂರನೆಯದು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ, ಆಟ, ವಿರಾಮ, ಕಲೆಗಳಲ್ಲಿ ಪಾಲ್ಗೊಳ್ಳುವುದು ಪ್ರತಿಯೊಂದು ಮಗುವಿನ ಹಕ್ಕೆಂದು ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ. ನಾವು ದಯೆ ಬೇಡುತ್ತಿಲ್ಲ, ಬರೆದುಕೊಟ್ಟದ್ದನ್ನು ಕೇಳುತ್ತಿದ್ದೇವೆ.

ನಮ್ಮ ಬೇಡಿಕೆ ಸಣ್ಣದು. ಶಾಲೆಯ ಒಂದು ಕೋಣೆ ಅಥವಾ ಸಮುದಾಯ ಭವನ, ವಾರಕ್ಕೆ ಮೂರು ಸಂಜೆ. ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ, ಒಂದು ಡೊಳ್ಳು. ಹಾಡಿಗೊಬ್ಬರು, ನಾಟಕಕ್ಕೊಬ್ಬರು ಮೇಷ್ಟ್ರು. ಇವರಿಗೆ ತಿಂಗಳು ತಿಂಗಳು ತಪ್ಪದೆ ಸಂಬಳ ಬರಬೇಕು. ಮೇಷ್ಟ್ರ ಹೊಟ್ಟೆಯ ಮೇಲೆ ಬರೆ ಹಾಕಿ ಮಕ್ಕಳಿಗೆ ಉಚಿತವೆನ್ನುವುದು ಶೋಷಣೆಯ ಇನ್ನೊಂದು ಹೆಸರು. ಕೋಣೆಯನ್ನೂ ಸಂಬಳವನ್ನೂ ನಗರಸಭೆ ತನ್ನ ಬಜೆಟ್ಟಿನಲ್ಲಿ ಬರೆದಿಡಲಿ. ವಾದ್ಯಗಳನ್ನು ನಾವು ಕೊಳ್ಳೋಣ. ಗಿರಣಿಯವರು ಸಂಬಳದ ದಿನ, ಅಂಗಡಿಯವರು ಸಂತೆಯ ದಿನ ಕೈಲಾದಷ್ಟು ಹಾಕಿದರೆ ಸಾಕು. ಚಿಲ್ಲರೆ ಹಾಕಿದವನಿಗೂ ನೋಟು ಹಾಕಿದವನಿಗೂ ಒಂದೇ ರಸೀದಿ. ತಬಲಾದ ಮೇಲೆ ದಾನಿಯ ಹೆಸರು ಬರೆಸುವುದು ಬೇಡ. ಮಕ್ಕಳ ತಂದೆತಾಯಿಗಳೂ ಮೇಷ್ಟ್ರುಗಳೂ ಇರುವ ಸಮಿತಿ ಲೆಕ್ಕ ಇಡಲಿ, ಆ ಲೆಕ್ಕವನ್ನು ಬಾಗಿಲ ಮೇಲೆ ಅಂಟಿಸಲಿ.

ಇದರಿಂದ ಎಲ್ಲರೂ ರಾಜಗುರುಗಳಾಗುತ್ತಾರೆಯೆ? ಇಲ್ಲ. ಆಗಬೇಕೆಂದೂ ನಾವು ಕೇಳುವುದಿಲ್ಲ. ಟೀವಿಯ ಸ್ಪರ್ಧೆಯಲ್ಲಿ ಒಬ್ಬ ಗೆದ್ದು ಉಳಿದವರೆಲ್ಲ ಅಳುತ್ತಾ ಮನೆಗೆ ಹೋಗುತ್ತಾರೆ. ಮೇಳದಲ್ಲಿ ಹಾಗಲ್ಲ. ಡೊಳ್ಳಿನವನು ತಪ್ಪಿದರೆ ಹಾಡುವವಳು ಕಾಯುತ್ತಾಳೆ. ನಾಟಕದಲ್ಲಿ ರಾಜ ಮಾತು ಮರೆತರೆ ಸೇವಕ ಎತ್ತಿಕೊಡುತ್ತಾನೆ. ನಾಲ್ಕು ಜನರೆದುರು ತಲೆಯೆತ್ತಿ ನಿಂತು ಸ್ಪಷ್ಟವಾಗಿ ಮಾತನಾಡುವುದನ್ನು ಕಲಿತ ಹುಡುಗಿ ನಾಳೆ ಗಿರಣಿಯ ಮ್ಯಾನೇಜರನೆದುರೂ ಹಾಗೆಯೇ ನಿಲ್ಲುತ್ತಾಳೆ. ನಮ್ಮ ತಲೆಮಾರಿನ ಅನೇಕರಿಗೆ ಆ ಕಲಿಕೆ ದೊರೆಯಲಿಲ್ಲ. ಸಾಹೇಬರ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೇಳಬೇಕಾದುದನ್ನು ಗಂಟಲಲ್ಲಿಯೇ ನುಂಗಿ ಹಿಂದಿರುಗಿದ ಜನ ನಾವು.

ಆದುದರಿಂದ ನಗರಸಭೆಗೆ ಸಲ್ಲಿಸುವ ಮನವಿಗೆ ಇಂದು ಇಲ್ಲಿಂದ ಏಳುವ ಮೊದಲು ಸಹಿ ಹಾಕಿ. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿ, ಅದಕ್ಕೂ ಅಷ್ಟೇ ಬೆಲೆ. ಬಜೆಟ್ ಸಭೆಯ ದಿನ ನಿಮ್ಮ ನಿಮ್ಮ ವಾರ್ಡಿನ ಸದಸ್ಯರ ಮನೆಗೆ ನಾಲ್ಕು ನಾಲ್ಕು ಜನ ಹೋಗಿ ನೆನಪಿಸಿ. ತಾಯಂದಿರು ಮುಂದೆ ನಿಲ್ಲಲಿ.