ಜ್ವರಕ್ಕೆ ಕೂತ ಹುಳು, ಏರು ಹತ್ತುವ ಕಾಲು

ಭಾನುವಾರ ಇನ್ನೂ ಬೆಳಕು ಹರಿಯದ ಹೊತ್ತಿಗೆ ನಂದಿ ಬೆಟ್ಟದ ಬುಡದ ಕಾರಹಳ್ಳಿ ಕ್ರಾಸಿನಲ್ಲಿ ನಿಂತು ನೋಡಿ. ಬೆಂಗಳೂರಿನಿಂದ ಕತ್ತಲಲ್ಲೇ ಹೊರಟ ಸೈಕಲ್ಲುಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ಒಂದು ಗುಟುಕು ನೀರು, ಒಂದು ಬಾಳೆಹಣ್ಣು, ಮತ್ತೆ ಪೆಡಲಿನ ಮೇಲೆ ಕಾಲು. ಮುಂದಿರುವುದು ಏಳೂವರೆ ಕಿಲೋಮೀಟರಿನಷ್ಟು ಏರು. ಅದನ್ನು ಅವರು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ತಿರುವುಗಳಲ್ಲಿ ಎಣಿಸುತ್ತಾರೆ. ಅವರ ಬಾಯಿಲೆಕ್ಕದಲ್ಲಿ 40 ತಿರುವು. ಬೆಟ್ಟದ ನೆತ್ತಿ ಇರುವುದು 1478 ಮೀಟರ್ ಎತ್ತರದಲ್ಲಿ. ಸೈಕಲ್ ಒಲ್ಲೆ ಎನ್ನುವವರಿಗೆ ಸುಲ್ತಾನ್‌ಪೇಟೆ ಕಡೆಯಿಂದ 1175 ಮೆಟ್ಟಿಲುಗಳಿವೆ. ಹತ್ತಿದವರ ಮೊಣಕಾಲು ಮಾರನೆಯ ದಿನ ಆ ಸಂಖ್ಯೆಯನ್ನು ಖಚಿತಪಡಿಸುತ್ತದೆ.

ಅದೇ ಹೊತ್ತಿಗೆ ಕೆಳಗೆ, ಚಿಕ್ಕಬಳ್ಳಾಪುರದಲ್ಲೋ ಚಿಂತಾಮಣಿಯಲ್ಲೋ, ಒಂದು ಮನೆಯಲ್ಲಿ ಯಾರೋ ಎದ್ದು ಮುಖ ತೊಳೆದು, ತಲೆಗೆ ಸೆರಗು ಹೊದ್ದು, ಬೈಬಲ್ ತೆರೆದು ಕೂತಿರುತ್ತಾರೆ. ನೋಡುವವರಿಲ್ಲ, ಗಡಿಯಾರ ಹಿಡಿದವರಿಲ್ಲ. ನಿನ್ನೆಯೂ ಕೂತಿದ್ದರು, ನಾಳೆಯೂ ಕೂರುತ್ತಾರೆ. ಬೆಟ್ಟ ಹತ್ತುವ ಕಾಲಿಗೂ ಹೀಗೆ ಕೂತ ಮೈಗೂ ಏನಾದರೂ ನೆಂಟಸ್ತಿಕೆ ಇದೆಯೇ? ಇವತ್ತಿನ ಮಾತು ಅದರ ಬಗ್ಗೆ.

ಇದೆ ಎಂದು ಮೊದಲು ಹೇಳಿದವರಲ್ಲಿ ಸಂತ ಪೌಲರು ಒಬ್ಬರು. ಕ್ರಿ.ಶ. 50ರ ಸುಮಾರಿಗೆ ಅವರು ಗ್ರೀಸಿನ ಕೊರಿಂಥದಲ್ಲಿ ಒಂದೂವರೆ ವರ್ಷ ಇದ್ದರು, ಡೇರೆ ಹೊಲಿದು ಹೊಟ್ಟೆ ಹೊರೆಯುತ್ತಿದ್ದರು. ಆ ಊರಿನ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತಮಿಯನ್ ಕ್ರೀಡಾಕೂಟ ನಡೆಯುತ್ತಿತ್ತು. ಜಾತ್ರೆಯಂಥ ಜನ ಸೇರುವ ಕೂಟ. ಗೆದ್ದವರಿಗೆ ಕೊಡುತ್ತಿದ್ದದ್ದು ಪೈನ್ ಎಲೆಯ, ಇಲ್ಲವೇ ಒಣಗಿದ ಸೊಪ್ಪಿನ ಕಿರೀಟ. ಮುಂದೆ ಆ ಊರಿನ ಸಭೆಗೆ ಪತ್ರ ಬರೆಯುವಾಗ ಪೌಲರು ಇದನ್ನೇ ಎತ್ತಿಕೊಂಡರು. ಬಾಡಿ ಹೋಗುವ ಸೊಪ್ಪಿಗಾಗಿ ಓಟಗಾರ ಅಷ್ಟೊಂದು ಬಿಗಿಯಾಗಿ ಬದುಕುತ್ತಾನೆ, ಬಾಡದ್ದನ್ನು ಹುಡುಕುವ ನಾವು ಹೇಗಿರಬೇಕು ಎಂಬುದು ಅವರ ವಾದದ ತಿರುಳು. ಕೇಳುವವರು ಆ ಮೈದಾನವನ್ನು ಕಣ್ಣಾರೆ ಕಂಡವರು. ಹಾಗಾಗಿ ಹೋಲಿಕೆ ಥಟ್ಟನೆ ನಾಟಿರಬೇಕು.

ಕ್ರೈಸ್ತ ವಿರಕ್ತರ ತಪಸ್ಸಿಗೆ ಪಾಶ್ಚಾತ್ಯರು ಇಂದಿಗೂ ಬಳಸುವ ಪದದ ಬೇರು ‘ಅಸ್ಕೇಸಿಸ್’ ಎಂಬ ಗ್ರೀಕ್ ಮಾತು. ಅದರ ಹಳೆಯ ಅರ್ಥ ಅಭ್ಯಾಸ, ಮೈ ಪಳಗಿಸುವಿಕೆ. ನಮ್ಮ ಗರಡಿಮನೆಯಲ್ಲಿ ಪೈಲ್ವಾನರು ಮಾಡುವ ಸಾಮು ಇದೆಯಲ್ಲ, ಹೆಚ್ಚುಕಡಿಮೆ ಅದು. ಮರುಭೂಮಿಗೆ ಹೋಗಿ ಕೂತ ಈಜಿಪ್ಟಿನ ಸನ್ಯಾಸಿಗಳು ಆ ಪದವನ್ನು ಗರಡಿಯಿಂದ ಗುಹೆಗೆ ಒಯ್ದರು. ನಮಗೆ ಇದು ಹೊಸದೇನಲ್ಲ. ‘ಸಾಧನೆ’ ಎಂಬ ಮಾತನ್ನು ನಾವು ಸಂಗೀತಕ್ಕೂ ಯೋಗಕ್ಕೂ ಬಳಸುತ್ತೇವೆ. ಚಿಂತಾಮಣಿ ಸೀಮೆಯಲ್ಲಂತೂ, ಬಳೆ ಮಾರುತ್ತಿದ್ದ ನಾರಣಪ್ಪನವರು ಗುಹೆಯಲ್ಲಿ ಕೂತು ಕೈವಾರ ತಾತಯ್ಯ ಆಗಿ ಎದ್ದ ಕಥೆಯನ್ನು ಮಕ್ಕಳಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹೋಲಿಕೆಯನ್ನು ಒಂದು ಪದ್ಧತಿಯಾಗಿ ಕಟ್ಟಿದವರು ಸ್ಪೇನಿನ ಇಗ್ನೇಷಿಯಸ್ ಲೊಯೋಲ. ಅವರು ಮೊದಲು ಸೈನಿಕ. 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು, ಕುಂಟು ಕೊನೆಯವರೆಗೂ ಉಳಿಯಿತು. ಅವರು ಸ್ಥಾಪಿಸಿದ್ದು ಯೇಸುಸಭೆ. ಬರೆದ ಕೈಪಿಡಿಗೆ 1548ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತು. ಅದರ ಹೆಸರಿನಲ್ಲೇ ‘ವ್ಯಾಯಾಮ’ ಎಂಬ ಪದವಿದೆ. ನಡಿಗೆ, ಓಟ ಮೈಗೆ ಹೇಗೋ ಪ್ರಾರ್ಥನೆ, ಆತ್ಮಶೋಧನೆ ಜೀವಕ್ಕೆ ಹಾಗೆ ಎಂದು ಅದು ಆರಂಭದಲ್ಲೇ ಹೇಳಿಬಿಡುತ್ತದೆ. ಓಡಲು ಬಾರದಂತಾದ ಕುಂಟುಗಾಲಿನ ಮನುಷ್ಯನಿಗೆ ಓಟದ ಹೋಲಿಕೆಯೇ ಹೊಳೆದದ್ದು ನನಗೆ ಸೋಜಿಗ.

ಪೂರ್ತಿ ಮಾಡಿದರೆ ಸುಮಾರು ಮೂವತ್ತು ದಿನದ ಧ್ಯಾನ ಅದು. ಅದರಲ್ಲೊಂದು ಗೆರೆಗಳ ಚಿತ್ರವಿದೆ. ಬಿಡಬೇಕೆಂದಿರುವ ಒಂದು ದೋಷವನ್ನು ಆರಿಸಿಕೊಳ್ಳಬೇಕು. ದಿನಕ್ಕೆ ಎರಡು ಗೆರೆ, ಜಾರಿದಷ್ಟು ಸಲ ಗೆರೆಯ ಮೇಲೆ ಚುಕ್ಕಿ. ಇವತ್ತನ್ನು ನಿನ್ನೆಯ ಜೊತೆ, ಈ ವಾರವನ್ನು ಹೋದ ವಾರದ ಜೊತೆ ಇಟ್ಟು ನೋಡಬೇಕು. ನಂದಿ ಹತ್ತಿ ಬಂದವರು ಫೋನಿನಲ್ಲಿ ಹೋದ ವಾರದ ಸಮಯಕ್ಕೂ ಈ ವಾರದ ಸಮಯಕ್ಕೂ ತಾಳೆ ನೋಡುತ್ತಾರಲ್ಲ, ಅದೇ ಬುದ್ಧಿ, ಸುಮಾರು ಐನೂರು ವರ್ಷ ಹಿಂದಿನದು.

ಇನ್ನೊಂದು ಕಿವಿಮಾತೂ ಅಲ್ಲಿದೆ. ಮನಸ್ಸು ಬತ್ತಿಹೋದಾಗ, ದೇವರು ದೂರ ಸರಿದಂತೆ ಅನ್ನಿಸಿದಾಗ, ಹಿಂದೆ ಮಾಡಿದ ತೀರ್ಮಾನವನ್ನು ಬದಲಿಸಬಾರದು. ಬದಲಾಗಿ ಗೊತ್ತುಮಾಡಿದ ಹೊತ್ತಿಗಿಂತ ಚೂರು ಹೆಚ್ಚೇ ಕೂರಬೇಕು. ದೂರ ಓಡುವವರಿಗೂ ಇದು ಗೊತ್ತು. ಮ್ಯಾರಥಾನ್ 42.195 ಕಿಲೋಮೀಟರಿನ ಓಟ. ಮೂವತ್ತರ ಆಸುಪಾಸಿಗೆ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯಂಶ ಬರಿದಾಗುತ್ತಾ ಬಂದು, ಇನ್ನು ಮುಗಿಯಿತು ಎಂದು ಇಡೀ ಮೈ ಹೇಳತೊಡಗುತ್ತದೆ. ಪಳಗಿದ ಓಟಗಾರರು ಆ ಮಾತು ಬಂದೇ ಬರುತ್ತದೆಂದು ಬಲ್ಲವರು. ಬಂದಾಗ ಅದರ ಜೊತೆ ಚರ್ಚೆಗೆ ಕೂರುವುದಿಲ್ಲ. ಏರಿನ ನಡುವೆ ನಿಂತು ಸೈಕಲ್ ಮಾರುವ ತೀರ್ಮಾನ ಮಾಡಬಾರದು, ಅಷ್ಟೆ.

ಇಗ್ನೇಷಿಯಸರ ಈ ತಾಲೀಮಿನಲ್ಲಿ ಪಳಗಿದವರು ನಮ್ಮ ಸೀಮೆಗೂ ಬಂದಿದ್ದರು. 18ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಯೇಸುಸಭೆಯ ಪಾದ್ರಿಗಳು ಪುಂಗನೂರು ಕಡೆಯಿಂದ ಈ ಊರುಗಳಲ್ಲಿ ಓಡಾಡಿದರು. ಅವರಲ್ಲಿ ಲೆ ಗಾಕ್ ಎಂಬ ಪಾದ್ರಿ ತಾಯ್ನಾಡಿಗೆ ಬರೆದ ಪತ್ರಗಳಲ್ಲಿ ಚಿನ್ನಬಳ್ಳಾಪುರದ, ಅಂದರೆ ನಮ್ಮ ಚಿಕ್ಕಬಳ್ಳಾಪುರದ, ಹೆಸರಿದೆ. ಈ ಪಾದ್ರಿಗಳು ಸನ್ಯಾಸಿಗಳ ಉಡುಗೆ ತೊಟ್ಟರು. ಮಾಂಸ, ಮೊಟ್ಟೆ, ಮದ್ಯ ಮೂರನ್ನೂ ಬಿಟ್ಟರು. ದ್ರಾಕ್ಷಾರಸದ ನಾಡಿನಿಂದ ಬಂದವರಿಗೆ ಅದೇನು ಸಣ್ಣ ಪಥ್ಯವಲ್ಲ!

ಆದರೆ ಗುರು ಇಗ್ನೇಷಿಯಸರೇ ಒಮ್ಮೆ ಮೈ ದಂಡಿಸುವ ವಿಷಯದಲ್ಲಿ ಎಡವಿದ್ದರು. ಮನಪರಿವರ್ತನೆಯ ಹೊಸ ಬಿಸಿಯಲ್ಲಿ, 1522ರಲ್ಲಿ, ಮನ್ರೇಸ ಎಂಬಲ್ಲಿ ದಿನಕ್ಕೆ ಏಳು ಗಂಟೆ ಮಂಡಿಯೂರಿ ಪ್ರಾರ್ಥಿಸಿದರು. ಒಮ್ಮೆ ವಾರವಿಡೀ ಅನ್ನ ಮುಟ್ಟಲಿಲ್ಲ. ಆಗ ಕೆಟ್ಟ ಆರೋಗ್ಯ ಮತ್ತೆ ಪೂರ್ತಿ ಸರಿಹೋಗಲಿಲ್ಲ. ಮುಂದೆ ಫ್ರಾನ್ಸಿಸ್ ಬೋರ್ಜಿಯ ಎಂಬ ಶಿಷ್ಯರು ಅದೇ ದಾರಿ ಹಿಡಿದಾಗ, ಉಪವಾಸ ತಗ್ಗಿಸಿ, ಮೈಯನ್ನು ಹಾಳುಮಾಡಿಕೊಳ್ಳಬೇಡಿ ಎಂದು 1548ರಲ್ಲಿ ಪತ್ರ ಬರೆದರು. ಇಂದಿನ ತರಬೇತುದಾರರು ಹೊಸ ಓಟಗಾರರಿಗೆ ಹೇಳುವುದೂ ಇದನ್ನೇ. ಸ್ನಾಯು ವಾರಗಳಲ್ಲಿ ಬಲಿಯುತ್ತದೆ. ಅದನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜು ಬಲಿಯಲು ತಿಂಗಳುಗಳೇ ಬೇಕು. ಉತ್ಸಾಹಕ್ಕೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ, ಹಿಮ್ಮಡಿಗೆ ಗೊತ್ತಾಗುತ್ತದೆ.

ಹಾಗಾದರೆ ಮೈ ಗಟ್ಟಿಯಾಗುವುದು ಯಾವಾಗ? ಓಡುವಾಗ ಅಲ್ಲ. ಓಟ ಸ್ನಾಯುವನ್ನು ದಣಿಸುತ್ತದೆ, ಅಲ್ಲಲ್ಲಿ ಸಣ್ಣಗೆ ಹರಿಯುತ್ತದೆ. ಅದನ್ನು ಮೊದಲಿಗಿಂತ ಬಲವಾಗಿ ಹೊಲಿದು ಕಟ್ಟುವ ಕೆಲಸ ನಡೆಯುವುದು ಊಟದಲ್ಲಿ, ನಿದ್ದೆಯಲ್ಲಿ, ಬಿಡುವಿನ ದಿನದಲ್ಲಿ. ತಿಂಗಳುಗಟ್ಟಲೆ ಹೀಗೆ ದಣಿದು ಬಿಡುವು ಕೊಟ್ಟರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳತೊಡಗುತ್ತದೆ, ಸ್ನಾಯುಗಳ ಒಳಗೆ ಕೂದಲೆಳೆಗಿಂತ ಸಣ್ಣ ಹೊಸ ರಕ್ತನಾಳಗಳು ಮೂಡುತ್ತವೆ. ಬಿಡುವು ಕೊಡದೆ ದಣಿಯುತ್ತಲೇ ಹೋದರೆ ಹೊಲಿಗೆಗೆ ಹೊತ್ತೇ ಸಿಗುವುದಿಲ್ಲ.

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಇದನ್ನು ವಿವರಿಸುವುದೇ ಬೇಡ. ಹುಳು ಮನೆಯಲ್ಲಿ ರೇಷ್ಮೆಹುಳು ನಾಲ್ಕು ಸಲ ‘ಜ್ವರಕ್ಕೆ ಕೂರುತ್ತದೆ’. ಮೇಯುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಲುಗಾಡದೆ ಸುಮಾರು ಒಂದು ದಿನ ಹಾಗೇ ಇರುತ್ತದೆ. ತಿಳಿಯದವರಿಗೆ ಕಾಯಿಲೆ ಬಿದ್ದಂತೆ ಕಾಣುತ್ತದೆ. ಒಳಗೆ ಹೊಸ ಚರ್ಮ ತಯಾರಾಗುತ್ತಿರುತ್ತದೆ, ಹಳೆಯದು ಬಿಗಿಯಾಗಿದೆ, ಅದನ್ನು ಕಳಚದೆ ಬೆಳೆಯುವಂತಿಲ್ಲ. ಆ ಹೊತ್ತಿನಲ್ಲಿ ಬೆಳೆಗಾರರು ಸೊಪ್ಪು ಹಾಕುವುದಿಲ್ಲ, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ, ಮುಟ್ಟದೆ ಬಿಡುತ್ತಾರೆ. ಅವಸರಪಟ್ಟು ಸೊಪ್ಪು ಹಾಕಿದರೆ ಮುಂಚೆ ಎದ್ದ ಹುಳು ಮೇಯ್ದು ಮುಂದೆ ಹೋಗುತ್ತದೆ, ಉಳಿದವು ಹಿಂದೆ ಬೀಳುತ್ತವೆ, ಬೆಳೆ ಏರುಪೇರಾಗುತ್ತದೆ. ನಾಲ್ಕನೆಯ ಜ್ವರ ಎದ್ದ ಮೇಲೆ ನೋಡಬೇಕು ಆ ಹಸಿವನ್ನು! ಹುಟ್ಟಿನಿಂದ ಗೂಡು ಕಟ್ಟುವವರೆಗೆ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಆ ಕೊನೆಯ ಹಂತದ್ದೇ. ಮನೆಯೊಳಗೆ ಸೋನೆ ಮಳೆ ಹಿಡಿದ ಹಾಗೆ ಸದ್ದು.

ಚರ್ಚಿನ ಪಂಚಾಂಗದಲ್ಲೂ ಈ ತಿಳಿವಳಿಕೆ ಸದ್ದಿಲ್ಲದೆ ಸೇರಿಕೊಂಡಿದೆ. ಈಸ್ಟರಿಗೆ ಮೊದಲು ಬರುವ ತಪಸ್ಸುಕಾಲ ನಲವತ್ತು ದಿನ ಎನ್ನುತ್ತಾರೆ. ವಿಭೂತಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನದವರೆಗೆ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿ: 46 ಬರುತ್ತದೆ. ಆರು ದಿನ ಎಲ್ಲಿ ಹೋದವು? ಅವು ಭಾನುವಾರಗಳು. ಭಾನುವಾರ ಪುನರುತ್ಥಾನದ ನೆನಪಿನ ದಿನ, ಉಪವಾಸದ ಲೆಕ್ಕಕ್ಕೆ ಸೇರದು. ಏರು ಎಷ್ಟೇ ಕಡಿದಾಗಿರಲಿ, ವಾರಕ್ಕೊಂದು ದಿನ ಸಮತಟ್ಟು. ಇಂದಿನ ವ್ಯಾಯಾಮಶಾಸ್ತ್ರ ಹುಟ್ಟುವ ಮುಂಚೆಯೇ ಹಾಕಿದ ಲೆಕ್ಕ ಇದು.

ಇಷ್ಟು ಹೇಳಿದ ಮೇಲೆ ಒಂದು ತಕರಾರನ್ನು ನಾನೇ ಎತ್ತಬೇಕು. ಶಿಸ್ತು ಭಕ್ತರ ಸ್ವಂತ ಆಸ್ತಿಯೇನಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗನೊಬ್ಬ 1935ರಲ್ಲಿ, ಓದಬೇಕೆಂಬ ಒಂದೇ ಹಟಕ್ಕೆ, ಬಸ್ಸಿಗೆ ಕಾಸಿಲ್ಲದೆ ಎರಡು ದಿನ ನಡೆದು ಬೆಂಗಳೂರು ಸೇರಿದ. ಎಂಬತ್ತು ಕಿಲೋಮೀಟರಿಗೂ ಹೆಚ್ಚಿನ ಹಾದಿ. ಅವರೇ ಮುಂದೆ ಡಾ. ಎಚ್. ನರಸಿಂಹಯ್ಯ ಆದರು. ಮದುವೆಯಿಲ್ಲ, ಆಸ್ತಿಯಿಲ್ಲ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬದುಕು. ಯಾವ ಮಠದ ವಿರಕ್ತರೂ ನಾಚುವಷ್ಟು ಸರಳ. ಆದರೆ ಪವಾಡಗಳನ್ನು ಪ್ರಶ್ನಿಸುವುದನ್ನೇ ವ್ರತ ಮಾಡಿಕೊಂಡವರು ಅವರು. ಪ್ರಾರ್ಥನೆಯ ಮಾತಿನ ನಡುವೆ ತಮ್ಮ ಹೆಸರು ಬಂದದ್ದು ಕೇಳಿದ್ದರೆ ನಕ್ಕು, ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ.

ಅವರು ಕೇಳಬಹುದಾಗಿದ್ದ ಪ್ರಶ್ನೆಯೇ ಹೋಲಿಕೆ ಮುರಿಯುವ ಜಾಗ. ಓಟದಲ್ಲಿ ದುಡಿದಷ್ಟು ಫಲ, ಕೊರಳಿಗೆ ಪದಕ. ಕ್ರೈಸ್ತರು ಮಾತ್ರ ದೇವರ ಕೃಪೆ ದುಡಿದು ಗಳಿಸುವಂಥದ್ದಲ್ಲ, ಸುಮ್ಮನೆ ಸಿಗುವಂಥದ್ದು ಎನ್ನುತ್ತಾರೆ. ಹಾಗಾದರೆ ಬೆಳಗಿನ ಜಾವ ಏಳುವುದೇಕೆ, ಉಪವಾಸವೇಕೆ? ಗೆರೆಯ ಮೇಲಿನ ಚುಕ್ಕಿ ಕಡಿಮೆಯಾದಂತೆಲ್ಲ ಒಳಗೊಂದು ಜಂಬ ಬೆಳೆಯುವುದಿಲ್ಲವೇ? ಬೆಳೆಯುತ್ತದೆ. ಓಟಗಾರರಿಗೆ ಜಂಬ ಅಪಾಯವಲ್ಲ, ಪ್ರಾರ್ಥಿಸುವವರಿಗೆ ಅದೇ ದೊಡ್ಡ ಗುಂಡಿ. ನನಗೆ ಇದಕ್ಕೆ ವಾದದಲ್ಲಿ ಉತ್ತರ ಸಿಕ್ಕಿಲ್ಲ, ಒಬ್ಬರ ಬಾಳಿನಲ್ಲಿ ಸಿಕ್ಕಿದೆ.

ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆ ನಿಮಗೆ ಗೊತ್ತು. ಅದನ್ನು ಕಟ್ಟಿದ್ದು ಲಂಡನ್ ಮಿಷನ್. ಅದೇ ಸಂಸ್ಥೆಯ ಮಿಷನರಿ ದಂಪತಿಗೆ 1902ರಲ್ಲಿ ಚೀನಾದಲ್ಲಿ ಹುಟ್ಟಿದ ಮಗ ಎರಿಕ್ ಲಿಡೆಲ್. ಸ್ಕಾಟ್ಲೆಂಡಿನ ಅತಿ ವೇಗದ ಓಟಗಾರ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಅವರ ನೆಚ್ಚಿನ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಿತ್ತು. ಓಡುವುದಿಲ್ಲ ಎಂದರು. ‘ಚಾರಿಯಟ್ಸ್ ಆಫ್ ಫೈರ್’ ಸಿನಿಮಾದಲ್ಲಿ ಅವರಿಗೆ ಇದು ಹಡಗು ಹತ್ತುವಾಗ ತಿಳಿಯುತ್ತದೆ. ನಿಜ ಅಷ್ಟು ನಾಟಕೀಯವಲ್ಲ, ನನ್ನ ಕಣ್ಣಿಗೆ ಇನ್ನೂ ಚೆಂದ. ತಿಂಗಳುಗಳ ಮುಂಚೆಯೇ ಗೊತ್ತಾಗಿತ್ತು. ಅಷ್ಟೂ ದಿನ ಅವರು ತಮ್ಮದಲ್ಲದ 400 ಮೀಟರಿಗೆ ಮೈಯನ್ನು ಹೊಸದಾಗಿ ಪಳಗಿಸಿದರು. 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು, ವಿಶ್ವದಾಖಲೆಯೂ ಆಯಿತು. ಮರುವರ್ಷವೇ ಅದೆಲ್ಲ ಬಿಟ್ಟು ಲಂಡನ್ ಮಿಷನ್ನಿನ ಮೇಷ್ಟರಾಗಿ ಚೀನಾಕ್ಕೆ ಹೊರಟರು.

1943ರಲ್ಲಿ ಜಪಾನೀಯರು ಅವರನ್ನು ವೈಶಿಯನ್ ಎಂಬಲ್ಲಿನ ಬಂಧನ ಶಿಬಿರಕ್ಕೆ ಹಾಕಿದರು. ಹೆಂಡತಿ ಮಕ್ಕಳು ದೂರದ ಕೆನಡಾದಲ್ಲಿ. ಶಿಬಿರದಲ್ಲೂ ಬೆಳಗಿನ ಜಾವ ಎಣ್ಣೆ ದೀಪದ ಬೆಳಕಿನಲ್ಲಿ ಬೈಬಲ್ ಓದು, ಪ್ರಾರ್ಥನೆ. ಆಮೇಲೆ ಮಕ್ಕಳಿಗೆ ಗಣಿತ, ವಿಜ್ಞಾನ, ಸಂಜೆ ಆಟ. ಭಾನುವಾರ ಮಾತ್ರ ಆಟವಿಲ್ಲ ಎಂಬ ನಿಯಮ ಅಲ್ಲೂ ಇತ್ತು. ಒಂದು ಭಾನುವಾರ ಹುಡುಗರು ತಾವಾಗಿಯೇ ಹಾಕಿ ಆಡಲು ಹೋಗಿ, ತೀರ್ಪುಗಾರರಿಲ್ಲದೆ ಆಟ ಹೊಡೆದಾಟಕ್ಕೆ ತಿರುಗಿತು.

ಮುಂದಿನ ಭಾನುವಾರ ಮೈದಾನದಲ್ಲಿ ತೀರ್ಪುಗಾರರಾಗಿ ನಿಂತಿದ್ದವರು ಎರಿಕ್ ಲಿಡೆಲ್. ಒಲಿಂಪಿಕ್ ಪದಕಕ್ಕಾಗಿ ಮುರಿಯದ ನಿಯಮವನ್ನು ಹುಡುಗರ ಜಗಳ ಬಿಡಿಸಲು ಮುರಿದಿದ್ದರು. 1945ರ ಫೆಬ್ರುವರಿ 21ರಂದು, ಮಿದುಳಿನ ಗಡ್ಡೆಯಿಂದ, ಅದೇ ಶಿಬಿರದಲ್ಲಿ ತೀರಿಕೊಂಡರು. ಆಗ ಅವರಿಗೆ 43 ವರ್ಷ.