ಮಕ್ಕಳ ಮನೋವ್ಯಾಧಿಗೆ ಜಿಲ್ಲೆಯಲ್ಲಿ ಹಾಸಿಗೆ ಎಲ್ಲಿ?

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಮಗುವಿನ ಕಾಲು ಮುರಿದರೆ ಓಣಿಯವರೆಲ್ಲ ಸೇರಿ ಆಸ್ಪತ್ರೆಗೆ ಎತ್ತಿಕೊಂಡು ಓಡುತ್ತೇವೆ. ಅದೇ ಮಗು ಊಟ ಬಿಟ್ಟು, ನಿದ್ದೆ ಬಿಟ್ಟು, ಸಾಯುತ್ತೇನೆಂದು ಹೇಳಿದರೆ ಮನೆಯ ಬಾಗಿಲು ಹಾಕಿಕೊಳ್ಳುತ್ತೇವೆ. ಗಾಳಿ ಸೋಕಿತೆಂದು ತಾಯಿತ ಕಟ್ಟಿಸುತ್ತೇವೆ. ಇದು ನಮ್ಮ ತಪ್ಪು. ಮೊದಲು ಒಪ್ಪಿಕೊಳ್ಳೋಣ.

ಆದರೆ ಬಾಗಿಲು ತೆರೆದು ಹೊರಟವನಿಗೆ ದಾರಿ ಎಲ್ಲಿದೆ? 13ರಿಂದ 17 ವಯಸ್ಸಿನವರಲ್ಲಿ ನೂರಕ್ಕೆ 7ಕ್ಕೂ ಮಿಕ್ಕಿ ಮನೋವ್ಯಾಧಿಯಿದೆಯೆಂದು 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕಂಡಿತು. ಇವರಲ್ಲಿ ಹೆಚ್ಚಿನವರು ಆಸ್ಪತ್ರೆ ಸೇರಬೇಕಾಗಿಲ್ಲ. ಮನೆಯಿಂದಲೇ ಹೋಗಿಬಂದು ಚಿಕಿತ್ಸೆ ಪಡೆಯಬಹುದು. ಪ್ರಾಣಕ್ಕೇ ಅಪಾಯವಿರುವವರಿಗೆ ಮಾತ್ರ ಹಾಸಿಗೆ ಬೇಕೇ ಬೇಕು. ಮಕ್ಕಳಿಗೆಂದೇ ಪ್ರತ್ಯೇಕ ವಾರ್ಡು ಬೆಂಗಳೂರಿನ ನಿಮ್ಹಾನ್ಸಿನಲ್ಲಿದೆ. ರಾಯಚೂರಿನ ಕೂಲಿಕಾರನಿಗೆ ಅದು ಸುಮಾರು 400 ಕಿಲೋಮೀಟರ್ ದೂರ!

2017ರ ಮಾನಸಿಕ ಆರೋಗ್ಯ ಕಾಯಿದೆ ಏನೆನ್ನುತ್ತದೆ? ಮಕ್ಕಳೂ ಸೇರಿದಂತೆ ಯಾವ ರೋಗಿಯನ್ನೂ ಚಿಕಿತ್ಸೆಗಾಗಿ ದೂರ ಅಲೆಸಕೂಡದು. ಮಕ್ಕಳನ್ನು ದೊಡ್ಡವರ ವಾರ್ಡಿನಲ್ಲಿ ಇಡಕೂಡದು. ಬಡತನದ ರೇಖೆಗಿಂತ ಕೆಳಗಿನವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಮಗು ಆಸ್ಪತ್ರೆಯಲ್ಲಿರುವಷ್ಟು ದಿನವೂ ಪೋಷಕರು, ಇಲ್ಲವೆ ಅವರು ನೇಮಿಸಿದವರು, ಜೊತೆಗೇ ಇರಬೇಕು.

ಒಳ್ಳೆಯ ನಿಯಮವೇ. ತಾಯಿ ಪಕ್ಕದಲ್ಲಿದ್ದರೆ ಮಗುವಿಗೆ ಧೈರ್ಯ. ಮನೆಗೆ ಬಂದ ಮೇಲೆ ನೋಡಿಕೊಳ್ಳುವ ಬಗೆಯನ್ನು ಆಕೆಯೂ ಕಲಿಯುತ್ತಾಳೆ. ಆದರೆ ಆ ದಿನಗಳ ಕೂಲಿ ಕೊಡುವವರು ಯಾರು?

ಇ.ಎಸ್.ಐ. ಯೋಜನೆಯಲ್ಲಿ ಕಾರ್ಮಿಕನ ಮಗುವಿಗೆ ಚಿಕಿತ್ಸೆಯುಂಟು. ಕಾರ್ಮಿಕನಿಗೇ ಕಾಯಿಲೆಯಾದರೆ ಸಂಬಳದ ನೂರಕ್ಕೆ 70ರಂತೆ ವರ್ಷಕ್ಕೆ 91 ದಿನಗಳವರೆಗೆ ಭತ್ಯವೂ ಉಂಟು. ಮಗುವಿನ ಹಾಸಿಗೆಯ ಪಕ್ಕ ಕೂತ ಕಾರ್ಮಿಕನಿಗೆ ಆ ಭತ್ಯವಿಲ್ಲ. ಅಂಗಡಿಗೆ ಬೀಗ ಹಾಕಿ ಹೋದ ಚಿಲ್ಲರೆ ವ್ಯಾಪಾರಿಗಂತೂ ಇದಾವುದೂ ಇಲ್ಲ. ಇಂಥವನು ಗುಣವಾಗುವ ಮೊದಲೇ ಮಗುವನ್ನು ಬಿಡಿಸಿಕೊಂಡು ಬಂದರೆ, ತಪ್ಪು ಅವನೊಬ್ಬನದೇ?

ಆದ್ದರಿಂದ ನಮ್ಮ ಬೇಡಿಕೆಗಳು ಎರಡು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ಮಕ್ಕಳಿಗೆಂದು ಪ್ರತ್ಯೇಕ ಕೋಣೆ, ಕೆಲವು ಹಾಸಿಗೆ, ತರಬೇತಿ ಪಡೆದ ವೈದ್ಯರು ಮತ್ತು ದಾದಿಯರು ಇರಬೇಕು. ಜೊತೆಗಿರಲೇಬೇಕಾದ ತಂದೆಗೋ ತಾಯಿಗೋ ಕಳೆದುಕೊಂಡ ದುಡಿಮೆಗೆ ಭತ್ಯ ಸಿಗಬೇಕು. ಇದು ಯಾರ ಧರ್ಮಭಿಕ್ಷೆಯೂ ಅಲ್ಲ. ಕಾಯಿದೆ ಕೊಟ್ಟ ಹಕ್ಕನ್ನು ಬಡವನೂ ಅನುಭವಿಸುವಂತಾಗಲು ಬೇಕಾದ ಏರ್ಪಾಟು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಡಿ. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ದೂರವಾಣಿ 14416. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಗಿರಣಿಯ ಗೇಟಿನಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಬರೆದಿಡಿ. ನಾಚಿಕೆ ಮಗುವಿಗೂ ಬೇಡ, ಹೆತ್ತವರಿಗೂ ಬೇಡ. ಹಾಸಿಗೆ ಕೊಡದ ಸರ್ಕಾರಕ್ಕಿರಲಿ.